ಇಸಿಎಎಲ್ ಪಲ್ಸ್ ಫಿಟ್: ಪೈಲಪ್ ಸೇರಿಸಿದ ಕೂಡಲೇ ಆಂಪ್ಲಿಟ್ಯೂಡ್ ಕೆಡುತ್ತಿದೆ

ಹಾಸನ_ಪಲ್ಸ್: ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಸಿಎಂಎಸ್ (ಸರ್ನ್‌ನ ಎಲ್‌ಎಚ್‌ಸಿ ಪ್ರಯೋಗ) ಇಸಿಎಎಲ್ (ಎಲೆಕ್ಟ್ರಾನ್, ಫೋಟಾನ್‌ಗಳ ಎನರ್ಜಿ ಅಳೆಯುವ ಭಾಗ) ಮಾದರಿಯ ಸಿಮ್ಯುಲೇಶನ್ ಮಾಡುತ್ತಿದ್ದೇವೆ. 25 ನ್ಯಾನೊಸೆಕೆಂಡಿಗೆ ಒಂದರಂತೆ 10 ಸ್ಯಾಂಪಲ್, ಮೊದಲ 3 ಪೆಡೆಸ್ಟಲ್ (ಪಲ್ಸ್ ಇಲ್ಲದಾಗಿನ ತಳಮಟ್ಟ), ಪೀಕ್ 5ರಲ್ಲಿ (ಎಣಿಕೆ 0ಯಿಂದ). −5ರಿಂದ +4ರವರೆಗೆ ಬಂಚ್ ಕ್ರಾಸಿಂಗ್‌ಗೊಂದು (ಪ್ರೋಟಾನ್ ಗುಂಪುಗಳು ಎದುರಾಗುವ ಪ್ರತಿ ಸಲಕ್ಕೊಂದು; ನಮಗೆ ಬೇಕಾದದ್ದು ನಡುವಿನ 0) ಟೆಂಪ್ಲೇಟ್, ಅಂದರೆ ಪಲ್ಸಿನ ಮಾದರಿ ಆಕಾರ, ಪೈಥಾನ್ ಲೈಬ್ರರಿ ನಂಪೈನ ರೋಲ್‌ನಿಂದ ಸರಿಸಿದ್ದು. ಪೈಲಪ್ (ಬೇರೆ ಕ್ರಾಸಿಂಗ್‌ಗಳ ಪಲ್ಸ್ ಮೇಲೆ ಬೀಳುವುದು) ಸೇರಿಸಿದರೆ ಅಕ್ಕಪಕ್ಕದ ಪಲ್ಸ್‌ಗಳು ಮೈನಸ್‌ಗೆ ಇಳಿದು ನಡುವಿನದು ವಿಪರೀತ ಏರುತ್ತದೆ. ಎಲ್ಲಿ ನೋಡಬೇಕು?

ಮುಳ್ಳಯ್ಯನಗಿರಿ: ಮೊದಲು ರೋಲ್ ತೆಗೆಯಿರಿ. ಅದು ಒಂದು ತುದಿಯಿಂದ ಬಿದ್ದದ್ದನ್ನು ಇನ್ನೊಂದು ತುದಿಗೆ ಸೇರಿಸುತ್ತದೆ. ಎಡಕ್ಕೆ ಸರಿಸಿದಾಗ ಪಲ್ಸಿನ ಬಾಲ ಇರಬೇಕಾದ ಕಡೆ ಸೊನ್ನೆ, ಬಲಕ್ಕೆ ಸರಿಸಿದಾಗ ಪೆಡೆಸ್ಟಲ್ ಜಾಗದಲ್ಲಿ ಬಾಲ. 19 ಸ್ಯಾಂಪಲ್‌ನ ಟೆಂಪ್ಲೇಟ್ ಇಟ್ಟುಕೊಳ್ಳಿ: ಪೀಕ್‌ಗೆ ಮೊದಲು 9, ಆಮೇಲೆ 9. ಸ್ಯಾಂಪಲ್ ಸಂಖ್ಯೆಯಿಂದ 5 ಮತ್ತು ಕ್ರಾಸಿಂಗ್ ಸಂಖ್ಯೆ ಕಳೆದರೆ ಪೀಕ್‌ನಿಂದ ಎಷ್ಟು ದೂರದ ಬೆಲೆ ಬೇಕೆಂದು ಸಿಗುತ್ತದೆ.

ಇನ್ನು ಫಿಟ್. 10 ಅಳತೆಗೆ 10 ಅಜ್ಞಾತ, ಅದರಲ್ಲೂ ಪಕ್ಕಪಕ್ಕದ ಟೆಂಪ್ಲೇಟ್‌ಗಳ ಆಕಾರ ತೀರ ಹತ್ತಿರ. ನಿರ್ಬಂಧವಿಲ್ಲದ ಲೀಸ್ಟ್ ಸ್ಕ್ವೇರ್ಸ್ ನಾಯ್ಸನ್ನು ಹಿಗ್ಗಿಸುವುದು ಅದಕ್ಕೇ. ಸಿಎಂಎಸ್ ರನ್ 2ರಲ್ಲಿ ತಂದ ಮಲ್ಟಿಫಿಟ್‌ನಂತೆ ಆಂಪ್ಲಿಟ್ಯೂಡ್ ಸೊನ್ನೆಗಿಂತ ಕೆಳಗಿಳಿಯದಂತೆ ಕಟ್ಟಿಹಾಕಿ. ಸೈಪೈನ ಎನ್‌ಎನ್‌ಎಲ್‌ಎಸ್ (ಮೈನಸ್ ಉತ್ತರ ಬಿಡದ ಲೀಸ್ಟ್ ಸ್ಕ್ವೇರ್ಸ್) ಸಾಕು. ಆದರೆ ಅದಕ್ಕೆ ಡೇಟಾ ನೇರವಾಗಿ ಕೊಡಬೇಡಿ. ಶೇಪರ್ (ಪಲ್ಸಿಗೆ ಆಕಾರ ಕೊಡುವ ಸರ್ಕ್ಯೂಟ್) 25 ನ್ಯಾನೊಸೆಕೆಂಡಿಗಿಂತ ನಿಧಾನ, ಹಾಗಾಗಿ ಪಕ್ಕದ ಸ್ಯಾಂಪಲ್‌ಗಳ ನಾಯ್ಸ್ ಒಟ್ಟಿಗೇ ಏರಿಳಿಯುತ್ತದೆ. ಪಲ್ಸ್ ಇಲ್ಲದ ಈವೆಂಟ್‌ಗಳಿಂದ 10×10 ಕೋವೇರಿಯನ್ಸ್ (ಸ್ಯಾಂಪಲ್‌ಗಳ ನಾಯ್ಸ್ ಎಷ್ಟು ಒಟ್ಟಿಗೆ ಏರಿಳಿಯುತ್ತದೆ ಎನ್ನುವ ಮ್ಯಾಟ್ರಿಕ್ಸ್) ತೆಗೆದು, ಅದರ ಚೊಲೆಸ್ಕಿ ವಿಭಜನೆಯ ಕೆಳತ್ರಿಕೋನ ಮ್ಯಾಟ್ರಿಕ್ಸ್‌ನಿಂದ ಡೇಟಾ ಮತ್ತು ಟೆಂಪ್ಲೇಟ್ ಮ್ಯಾಟ್ರಿಕ್ಸ್ ಎರಡನ್ನೂ ಸಾಲ್ವ್ ಮಾಡಿ ಆಮೇಲೆ ಕೊಡಿ. ಒಂದಕ್ಕೆ ಮಾಡಿ ಇನ್ನೊಂದನ್ನು ಬಿಟ್ಟರೂ ಪ್ರೋಗ್ರಾಂ ಎರರ್ ಕೊಡುವುದಿಲ್ಲ, ಉತ್ತರ ಮಾತ್ರ ತಪ್ಪಿರುತ್ತದೆ.

ಹಾಸನ_ಪಲ್ಸ್: ಏರಿಳಿತ ನಿಂತಿತು ಮೇಡಂ, ಧನ್ಯವಾದ. ಈಗ ನಡುವಿನ ಪಲ್ಸ್ ಮಾತ್ರ ಸ್ವಲ್ಪ ಕಡಿಮೆ ಬರುತ್ತಿದೆ.

ಮುಳ್ಳಯ್ಯನಗಿರಿ: ಎಷ್ಟು ಕಡಿಮೆ ಎನ್ನುವುದಕ್ಕಿಂತ ಹೇಗೆ ಕಡಿಮೆ ಎಂದು ನೋಡಿ. ಕೊರತೆ ಎಲ್ಲ ಎನರ್ಜಿಯಲ್ಲೂ ಒಂದೇ ಶೇಕಡಾ ಇದ್ದರೆ ಟೈಮಿಂಗ್ ಮೇಲೆ ಅನುಮಾನ ಪಡಿ. ನಿಜವಾದ ಪಲ್ಸ್ ಟೆಂಪ್ಲೇಟ್‌ಗಿಂತ 1 ನ್ಯಾನೊಸೆಕೆಂಡ್ ಮುಂಚೆ ಬಂದರೂ ಏರುಭಾಗದಲ್ಲಿ ಮಿಕ್ಕಿದ್ದು −1ನೇ ಕ್ರಾಸಿಂಗ್‌ನ ಲೆಕ್ಕಕ್ಕೆ ಹೋಗುತ್ತದೆ. ದೊಡ್ಡ, ಒಂಟಿ ಪಲ್ಸ್‌ಗಳಿಂದ ಟೆಂಪ್ಲೇಟನ್ನು 1 ನ್ಯಾನೊಸೆಕೆಂಡಿಗಿಂತ ಸಣ್ಣ ಹೆಜ್ಜೆಯಲ್ಲಿ ಹೊಂದಿಸಿ. ಕೊರತೆ ಎಡಿಸಿ ಕೌಂಟಿನಲ್ಲಿ (ಡಿಜಿಟಲ್ ಆಗಿ ಬರುವ ಅಳತೆಯ ಎಣಿಕೆ) ಒಂದೇ ಇದ್ದರೆ ಪೆಡೆಸ್ಟಲ್ ಹೆಚ್ಚು ಕಳೆದಿದ್ದೀರಿ. ಉಳಿದ ಪಲ್ಸ್‌ಗಳು ಮೈನಸ್‌ಗೆ ಹೋಗಲಾರವು, ಆ ಹೊರೆ ನಡುವಿನದರ ಮೇಲೇ ಬೀಳುತ್ತದೆ.

ಇವೆರಡನ್ನೂ ಸರಿಮಾಡಿದ ಮೇಲೂ ನಾಯ್ಸ್ ಮಟ್ಟದ ಸಣ್ಣ ಪಲ್ಸ್‌ಗಳಲ್ಲಿ ಅಲ್ಪ ಕೊರತೆ ಉಳಿಯುತ್ತದೆ. ಅದು ನಿರ್ಬಂಧದಿಂದಲೇ ಬರುವುದು. ಗೊತ್ತಿರುವ ಆಂಪ್ಲಿಟ್ಯೂಡ್ ಹಾಕಿ ಅಳೆದು ತಿದ್ದಬೇಕು. ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎನ್ನುವುದು) 12ರಿಂದ 6ಕ್ಕೆ ಅಥವಾ 1ಕ್ಕೆ ಬದಲಾಗುವಷ್ಟು ದೊಡ್ಡ ಪಲ್ಸ್ ಹಾಕುವುದಾದರೆ ಪ್ರತಿ ಗೇನ್‌ಗೂ ಪೆಡೆಸ್ಟಲ್, ಕೋವೇರಿಯನ್ಸ್ ಬೇರೆ ಬೇರೆ ಇಡಿ.