ಪದಚರ್ಚೆ: ಬಂಡೆ ಹತ್ತುವವರ ‘ಬೀಟಾ’ ವರಸೆಯೇ, ಸುಳಿವೇ?

ಆತ್ಮೀಯರೇ,

ಬಂಡೆ ಹತ್ತುವವರ ಮಾನಸಿಕ ತರಬೇತಿಯ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹದಿನೈದು ದಿನಗಳಿಂದ ‘ಬೀಟಾ’ ಎಂಬ ಒಂದು ಪದಕ್ಕೆ ಸರಿಯಾದ ಕನ್ನಡ ಹುಡುಕುತ್ತ ಅದರ ಬಳಿಯೇ ನಿಂತುಬಿಟ್ಟಿದ್ದೇನೆ.

ಈ ಬೀಟಾ ಬಂದದ್ದು ಹಳೆಯ ಬೀಟಾಮ್ಯಾಕ್ಸ್ ವಿಡಿಯೊ ಟೇಪಿನ ಹೆಸರಿನಿಂದ. ಅಮೆರಿಕದ ಆರೋಹಿ ಜ್ಯಾಕ್ ಮಿಲೆಸ್ಕಿ ಅದನ್ನು ಬಳಕೆಗೆ ತಂದರೆನ್ನುತ್ತಾರೆ. ಯಾವ ಹಿಡಿಗೆ (ಬಂಡೆಯಲ್ಲಿ ಹಿಡಿಯಲು ಸಿಗುವ ಆಸರೆಗೆ) ಯಾವ ಕೈ, ಕಾಲು ಎಲ್ಲಿ, ಮೈಯನ್ನು ಯಾವಾಗ ತಿರುಗಿಸಬೇಕು ಎಂಬ ವಿವರವೆಲ್ಲ ಬೀಟಾ. ಮೊದಲು ನಾನು ‘ವರಸೆ’ ಎಂದು ಬರೆದೆ. ಗರಡಿಯಲ್ಲೂ ಸಂಗೀತದ ಪಾಠದಲ್ಲೂ ಪಳಗಿದ ಪದ ಅದು. ಕ್ರಮ ಎಂಬ ಅರ್ಥದ ಜೊತೆಗೆ ಅಭ್ಯಾಸದ ವಾಸನೆಯೂ ಅದಕ್ಕಿದೆ.

ತೊಡಕು ಎದುರಾದದ್ದು ‘ಆನ್‌ಸೈಟ್’ ಮತ್ತು ‘ಫ್ಲ್ಯಾಶ್’ ವಿವರಿಸುವಾಗ. ಎರಡೂ ಮೊದಲ ಯತ್ನದಲ್ಲೇ ಬೀಳದೆ ಹತ್ತುವುದು. ಬೀಟಾ ಇಲ್ಲದೆ ಹತ್ತಿದರೆ ಆನ್‌ಸೈಟ್, ಬೀಟಾ ಪಡೆದು ಹತ್ತಿದರೆ ಫ್ಲ್ಯಾಶ್. ಇಲ್ಲಿ ‘ವರಸೆ ಪಡೆದು’ ಎನ್ನಲಾಗದು. ಕಿವಿಗೆ ಬಿದ್ದದ್ದು ಇನ್ನೂ ಮೈಗೆ ಇಳಿದಿಲ್ಲ. ಆದ್ದರಿಂದ ಕೇಳಿ ತಿಳಿದದ್ದನ್ನು ‘ಸುಳಿವು’ ಎಂದೂ ಮೈಗೂಡಿದ್ದನ್ನು ‘ವರಸೆ’ ಎಂದೂ ಬೇರೆ ಮಾಡಿಕೊಂಡಿದ್ದೇನೆ. ಮೂಲದಲ್ಲಿ ಒಂದೇ ಪದವಿದ್ದರೂ ಕನ್ನಡಕ್ಕೆ ಎರಡು ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ಒಂದು ಅನುಮಾನ ಉಳಿದಿದೆ. ಸರಳೆ ವರಸೆ, ಜಂಟಿ ವರಸೆಗಳನ್ನು ಗುರು ಕೊಡುತ್ತಾರೆ, ಶಿಷ್ಯ ಒಪ್ಪಿಸುತ್ತಾನೆ. ಯಾರೂ ಕೊಡದ ವರಸೆಯನ್ನು ಏನೆನ್ನಬೇಕು? 1993ರಲ್ಲಿ ಅಮೆರಿಕದ ಆರೋಹಿ ಲಿನ್ ಹಿಲ್ ಅಲ್ಲಿನ ಯೊಸೆಮಿಟಿ ಕಣಿವೆಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ಮಾರ್ಗವನ್ನು, ಹಗ್ಗವನ್ನು ರಕ್ಷಣೆಗಷ್ಟೇ ಇಟ್ಟುಕೊಂಡು, ಕೈಕಾಲುಗಳ ಬಲದಿಂದಲೇ ಹತ್ತಿದರು. ಹಾಗೆ ಹತ್ತಿದವರಲ್ಲಿ ಅವರೇ ಮೊದಲಿಗರು. ಹಿಡಿಗಳೇ ಇಲ್ಲವೆನ್ನಬಹುದಾದ ಒಂದು ಮೂಲೆಯನ್ನು ಎರಡೂ ಬದಿಗೆ ಒತ್ತುಕೊಟ್ಟು, ಇಡೀ ಮೈಯನ್ನು ತಿರುಗಿಸಿ ದಾಟಿದರು. ಕೇಳಿಕೊಳ್ಳಲು ಅವರಿಗೆ ಯಾರ ಸುಳಿವೂ ಇರಲಿಲ್ಲ. ಇದನ್ನು ‘ಸೃಜನಶೀಲತೆ’ ಎಂದರೆ ಪಠ್ಯಪುಸ್ತಕದ ಮಾತಾಗುತ್ತದೆ. ಸಂಗೀತದವರ ‘ಮನೋಧರ್ಮ’ ಇಲ್ಲಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಕಲಿತ ವರಸೆಗಳ ಬಲದ ಮೇಲೆಯೇ, ಆ ಗಳಿಗೆಯಲ್ಲಿ, ತನ್ನದನ್ನು ಹುಟ್ಟಿಸುವುದು. ಆದರೆ ಸಾಮಾನ್ಯ ಓದುಗರಿಗೆ ಮನೋಧರ್ಮವೆಂದರೆ ಸ್ವಭಾವ. ಮಾನಸಿಕ ತರಬೇತಿಯ ಕೈಪಿಡಿಯಲ್ಲಿ ಆ ಗೊಂದಲ ಇನ್ನೂ ಹೆಚ್ಚೀತು.

ಎರಡನೆಯ ಪ್ರಶ್ನೆ ‘ದೃಶ್ಯೀಕರಣ’ದ್ದು, ಅಂದರೆ ಹತ್ತುವ ಮೊದಲೇ ಇಡೀ ಹತ್ತುವಿಕೆಯನ್ನು ಮನಸ್ಸಿನಲ್ಲಿ ನಡೆಸಿ ನೋಡುವುದರದ್ದು. ಈ ಪದ ನನಗೆ ಒಗ್ಗುತ್ತಿಲ್ಲ, ಏಕೆಂದರೆ ಇಲ್ಲಿ ಕೆಲಸ ಮಾಡುವುದು ಕಣ್ಣೊಂದೇ ಅಲ್ಲ. ಜೆಕ್ ದೇಶದ ಆರೋಹಿ ಆಡಮ್ ಒಂಡ್ರಾ 2017ರಲ್ಲಿ ನಾರ್ವೆಯ ಫ್ಲಾಟಾಂಗರ್‌ನ ಗುಹೆಯಲ್ಲಿ ‘ಸೈಲೆನ್ಸ್’ ಮಾರ್ಗವನ್ನು ಪೂರ್ಣಗೊಳಿಸಿದರು. ಜಗತ್ತಿನಲ್ಲಿ ಕಷ್ಟದ ಅಳತೆಯಲ್ಲಿ 9ಸಿ ದರ್ಜೆ ಪಡೆದ ಮೊದಲ ಮಾರ್ಗ ಅದು. ಅದರ ತಯಾರಿಯಲ್ಲಿ ಅವರು ನೆಲದ ಮೇಲೆ ಮಲಗಿ, ಕಣ್ಣು ಮುಚ್ಚಿ, ಒಂದೊಂದು ಚಲನೆಯನ್ನೂ ಕೈಕಾಲು ಆಡಿಸಿ ಅನುಭವಿಸುತ್ತಿದ್ದರು. ಸ್ಪರ್ಧೆಗಳಲ್ಲೂ ಗೋಡೆಯ ಬುಡದಲ್ಲಿ ನಿಂತವರು ಗಾಳಿಯಲ್ಲೇ ಹಿಡಿಗಳನ್ನು ಹಿಡಿಯುತ್ತಾರೆ. ಇದು ದೃಶ್ಯವಲ್ಲ, ಕಲ್ಪನೆಯೂ ಅಲ್ಲ. ‘ಮನನ’ ಎನ್ನೋಣವೇ? ಕೇಳಿದ್ದನ್ನು ಒಳಗೆ ಮತ್ತೆ ಮತ್ತೆ ತಿರುವಿ ತನ್ನದಾಗಿಸಿಕೊಳ್ಳುವುದು ಎಂಬ ಅರ್ಥ ಅದಕ್ಕಿದೆ, ಆದರೆ ಮೈಯ ಸೋಂಕಿಲ್ಲ. ‘ಮೈಮನನ’ ಎಂದು ಕಟ್ಟಿ ನೋಡಿದೆ. ನನ್ನ ಕಿವಿಗೆ ಹಿತವಾಗಿದೆ; ನಿಮ್ಮ ಕಿವಿಗೆ ಹೇಗೋ.

ಭಯದ ವಿಷಯದಲ್ಲಿ ಮಾತ್ರ ಕನ್ನಡ ಕೈಬಿಡಲಿಲ್ಲ. ಬೀಳುವ ಹೆದರಿಕೆ ಬೇರೆ, ಮುಂದಿನ ಹಿಡಿಗೆ ಕೈ ಚಾಚುವಾಗಿನ ‘ಅಳುಕು’ ಬೇರೆ. ಅಳುಕಿದವರು ಹಿಡಿಯನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತಾರೆ, ಕೈ ಬೇಗ ಸೋಲುತ್ತದೆ. ಆ ಅಧ್ಯಾಯಕ್ಕೆ ‘ಅಳುಕು’ ಎಂದೇ ಹೆಸರಿಟ್ಟಿದ್ದೇನೆ.

ಗರಡಿಯ ಮಾತು ಬಲ್ಲವರಲ್ಲಿ ಒಂದು ವಿನಂತಿ: ಎದುರಾಳಿಯ ಮುಂದೆ ಆ ಕ್ಷಣಕ್ಕೆ ಹೊಳೆದ, ಯಾರೂ ಕಲಿಸದ ಕುಸ್ತಿಯ ಪಟ್ಟುಗಳಿಗೆ ಬೇರೆ ಹೆಸರೇನಾದರೂ ಇದೆಯೇ? ಇದ್ದರೆ ‘ಮನೋಧರ್ಮ’ವನ್ನು ಸಂಗೀತದವರಿಗೇ ಬಿಟ್ಟು ಅದನ್ನೇ ಬಳಸುತ್ತೇನೆ.