28 ಡಚ್ ಬಾಯಿಗಳಿಗೆ ಒಂದು ವಚನ ಕಲಿಸಬೇಕು: ಅನುಭವ ಇದ್ದವರು ಹೇಳಿ

ಕೇಳಿದವರು: ಆಲ್ಟೊ ಸಾಲು (2025ರ ಹಬ್ಬಕ್ಕೆ ಮುಂಚಿನ ಚರ್ಚೆ. ಇದೂ ಕೆಳಗಿನ ‘ಎರಡನೇ ಸಾಲು’, ‘ಮಂದ್ರ’ ಮುಂತಾದವೂ ಬರೆದವರ ಅಡ್ಡಹೆಸರುಗಳು)

ಜೂನ್ 11ರಿಂದ 15ರವರೆಗೆ ಬ್ರಸೆಲ್ಸ್‌ನಲ್ಲಿ ವೇರಿಯಸ್ ವಾಯ್ಸಸ್ 2025 ಇದೆ. ಯುರೋಪಿನ ಎಲ್‌ಜಿಬಿಟಿಕ್ಯೂ ಕಾಯಿರ್‌ಗಳ (ವೃಂದಗಾನ ತಂಡಗಳ) ದೊಡ್ಡ ಹಬ್ಬ. ಹಿಂದಿನದು 2023ರಲ್ಲಿ ಬೊಲೊನ್ಯಾದಲ್ಲಿ, ಅದರ ಹಿಂದಿನದು 2018ರಲ್ಲಿ ಮ್ಯೂನಿಕ್‌ನಲ್ಲಿ ಆಗಿತ್ತು. ನೆದರ್‌ಲ್ಯಾಂಡ್ಸ್‌ನ ನಮ್ಮ ಕಾಯಿರ್‌ನಲ್ಲಿ 28 ಜನ, ಕನ್ನಡದವಳು ನಾನೊಬ್ಬಳೇ. 20 ನಿಮಿಷದ ಸ್ಲಾಟ್‌ನಲ್ಲಿ ಒಂದು ವಚನ ಹಾಡಲು ಎಲ್ಲರೂ ಒಪ್ಪಿದ್ದಾರೆ. ಮೋಹನ ರಾಗದಲ್ಲಿ ಕೂರಿಸಿ ನಾಲ್ಕು ಪಾರ್ಟ್ (ಒಟ್ಟಿಗೆ ಹಾಡುವ ನಾಲ್ಕು ಬೇರೆ ಬೇರೆ ಸ್ವರಸಾಲು) ಮಾಡುವ ಯೋಚನೆ. ಉಚ್ಚಾರ ಹೇಗೆ ಕಲಿಸಲಿ? ತಂಬೂರಿ ಬೇಕಾ? ಬೆಂಗಳೂರಿನಿಂದ ಇಬ್ಬರು ಗೆಳೆಯರು ಕೇಳಲು ಬರುತ್ತಾರೆ, ಅವರ ವೀಸಾ ಬಗ್ಗೆಯೂ ಹೇಳಿ.

ಎರಡನೇ ಸಾಲು

ಉಚ್ಚಾರದಿಂದಲೇ ಶುರು ಮಾಡಿ, ರಾಗ ಆಮೇಲೆ. ಮೊದಲ ಎರಡು ರಿಹರ್ಸಲ್‌ನಲ್ಲಿ ಹತ್ತತ್ತು ನಿಮಿಷ ಬರೀ ತಾಳಕ್ಕೆ ಮಾತು ಹೇಳಿಸಿ. ರಾಗದ ಜೊತೆಗೇ ಕಲಿತ ತಪ್ಪು ಉಚ್ಚಾರ ಕೊನೆಯವರೆಗೂ ಬಿಡುವುದಿಲ್ಲ.

ಸಾಹಿತ್ಯವನ್ನು ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಬರೆದು ಕೊಡಲೇಬೇಡಿ. ಡಚ್ಚರು ‘ಯು’ ಅಕ್ಷರ ಕಂಡರೆ ತುಟಿ ಮುಂದೆ ಚಾಚಿ ‘ಯ್ಯೂ’ ತರಹದ ಸ್ವರ ಹಾಡುತ್ತಾರೆ. ‘ಜಿ’ ಅಕ್ಷರ ಕಂಡರೆ ಗಂಟಲು ಉಜ್ಜುತ್ತಾರೆ. ಎರಡೂ ಸೇರಿದರೆ ‘ಗುರು’ ಎಂಬ ಪದ ಗುರುತೇ ಸಿಗದಷ್ಟು ಕೆಡುತ್ತದೆ. ನಮ್ಮ ಉಕಾರಕ್ಕೆ ಅವರ ಬರವಣಿಗೆಯಲ್ಲಿ ‘ಓ, ಈ’ (oe) ಎಂಬ ಎರಡಕ್ಷರದ ಜೋಡಿ ಇದೆ, ಅದನ್ನೇ ಬರೆಯಿರಿ. ‘ಗ’ಕ್ಕೆ ಅವರಲ್ಲಿ ಅಕ್ಷರವೇ ಇಲ್ಲ, ಇಂಗ್ಲಿಷ್‌ನ ‘ಗೋಲ್’ ಪದ ನೆನಪಿಸಿ. ಜರ್ಮನ್ ಕಾಯಿರ್‌ಗಳ ಕಷ್ಟ ಬೇರೆ: ‘ಪ’ ಹೇಳಿದರೆ ಉಸಿರು ಸೇರಿ ‘ಫ’ದ ಹತ್ತಿರ ಹೋಗುತ್ತದೆ. ಡಚ್ಚರ ಪ, ತ, ಕ ಉಸಿರಿಲ್ಲದವು, ಅಷ್ಟರಮಟ್ಟಿಗೆ ನೀವು ಅದೃಷ್ಟವಂತರು.

‘ಳ’ ಒಂದಕ್ಕೇ ಸಮಯ ಎತ್ತಿಡಿ. ‘ಹಾಲು’ ಮತ್ತು ‘ಹಾಳು’ ಪಕ್ಕಪಕ್ಕ ಹೇಳಿ ಅರ್ಥ ತಿಳಿಸಿ. ನಗುತ್ತಾರೆ, ಆದರೆ ಮರೆಯುವುದಿಲ್ಲ. ಕಲಿಸುವ ಸುಲಭದ ದಾರಿ ಅವರ ಬಾಯಲ್ಲೇ ಇದೆ. ಹಿಲ್ವರ್ಸಮ್ ಕಡೆಯ ‘ಗೋಯ್ಸ್ ಆರ್’, ಅಂದರೆ ಪದದ ಕೊನೆಯಲ್ಲಿ ಬರುವ ಅಮೆರಿಕನ್ ತರಹದ ‘ರ್’, ಹೇಳಿಸಿ ಅಲ್ಲೇ ನಿಲ್ಲಿಸಿ. ಈಗ ನಾಲಿಗೆ ತುದಿಯನ್ನು ಹಿಂದಕ್ಕೆ ಮಡಚಿ ಮೇಲಕ್ಕೆ ತಾಗಿಸಲು ಹೇಳಿ. ಐದಾರು ಸಲಕ್ಕೆ ‘ಳ’ ಬರುತ್ತದೆ. ಹಾಳೆಯಲ್ಲಿ ‘ಳ’, ‘ಣ’ ಬಂದಲ್ಲೆಲ್ಲ ಕೆಂಪು ಚುಕ್ಕೆ ಇಡಿ.

ಒತ್ತಕ್ಷರ ಇನ್ನೊಂದು ಗುಂಡಿ. ‘ಕಲ್ಲು’ ಅವರಿಗೆ ‘ಕಲು’. ನೊಟೇಶನ್‌ನಲ್ಲೇ ‘ಕಲ್’ ಒಂದು ಸ್ವರಕ್ಕೆ, ‘ಲು’ ಮುಂದಿನದಕ್ಕೆ ಎಂದು ಒಡೆದು ಬರೆಯಿರಿ. ‘ಕತ್ತಲೆ’ಯಂಥ ಪದದಲ್ಲಿ ‘ತ್ತ’ದ ಮುಂಚೆ ಹದಿನಾರನೇ ಭಾಗದ ಮೌನ ಬೇಕು. ಅದನ್ನು ಬರೆಯದಿದ್ದರೆ 28 ಜನ 28 ಕಡೆ ಬಾಯಿ ಮುಚ್ಚುತ್ತಾರೆ, ಸಭೆಗೆ ಕೇಳುವುದು ಬರೀ ‘ತತತ’.

ಮಂದ್ರ

ಮೋಹನ ಒಳ್ಳೆಯ ಆಯ್ಕೆ, ಆದರೆ ಅದರ ಮಿತಿ ತಿಳಿದಿರಲಿ. ಸ ರಿ ಗ ಪ ಧ ಐದೇ ಸ್ವರ. ಷಡ್ಜವನ್ನು ಸಿ ಎಂದಿಟ್ಟರೆ ಪೂರ್ತಿ ಸಿಗುವ ಕಾರ್ಡ್ (ಒಟ್ಟಿಗೆ ನುಡಿಯುವ ಮೂರು ಸ್ವರಗಳ ಗೊಂಚಲು) ಎರಡೇ: ಸಿ ಮೇಜರ್ (ಸ-ಗ-ಪ), ಎ ಮೈನರ್ (ಧ-ಸ-ಗ). ಎಫ್ (ಮ) ಇಲ್ಲ, ಬಿ (ನಿ) ಇಲ್ಲ. ಪಾಶ್ಚಾತ್ಯ ಅರೇಂಜರ್ ಕೈಗೆ ಕೊಟ್ಟರೆ ಮೂರನೇ ಸಾಲಿಗೇ ಎಫ್ ಕಾರ್ಡ್ ತಂದು ಕೂರಿಸುತ್ತಾರೆ, ಮೋಹನ ಅಲ್ಲಿಗೆ ಮುಗಿಯಿತು. ಬೇಸ್‌ಗೆ (ಎಲ್ಲಕ್ಕಿಂತ ಕೆಳಗಿನ ದನಿ) ಸ-ಪ ಹಿಡಿದು ನಿಲ್ಲುವ ಕೆಲಸ, ಅದರ ಮೇಲಿನ ಟೆನರ್‌ಗೆ ಗ-ಪ-ಧ ನಡುವೆ ಓಡಾಟ, ಮೇಲಿನ ಎರಡು ಪಾರ್ಟ್‌ಗೆ ಸಾಹಿತ್ಯ. ಇಷ್ಟು ಸಾಕು. ನಾಲ್ಕೂ ಪಾರ್ಟ್ ಒಟ್ಟಿಗೆ ಸಾಹಿತ್ಯ ಹೇಳಿದರೆ ಸ್ತೋತ್ರದ ಹಾಗೆ ಭಾರ ಆಗುತ್ತದೆ. ಗಮಕ (ಸ್ವರದ ಅಲುಗಾಟ) ಬೇಕೆಂದರೆ ಒಬ್ಬರೇ ಹಾಡಲಿ, ಉಳಿದವರು ಸ್ವರ ಹಿಡಿದು ನೀರು ನಿಂತ ಹಾಗೆ ನಿಲ್ಲಲಿ. ಗುಂಪಿನಲ್ಲಿ ಗಮಕ ಹಾಡಿಸಿದರೆ ಶ್ರುತಿ ಹೋದಂತೆಯೇ ಕೇಳುತ್ತದೆ.

ನಡುವೆ ಮನಸ್ಸು ಬದಲಾಗಿ ಹಿಂದೋಳ ರಾಗಕ್ಕೆ ಹೋದರೆ ಎಚ್ಚರ. ಅದರಲ್ಲಿ ಪಂಚಮವೇ ಇಲ್ಲ, ಸ-ಮ ಶ್ರುತಿ ಬೇಕು.

ಶ್ರುತಿಪೆಟ್ಟಿಗೆ

ತಂಬೂರಿ ಆ್ಯಪ್ ಸಾಕು. ಎರಡು ಕಡೆ ಕೈಕೊಡುತ್ತದೆ. ಆ್ಯಪ್‌ನ ‘ಎ’ ಸ್ವರ 440 ಹರ್ಟ್ಸ್‌ಗೆ ಕೂತಿರುತ್ತದೆ, ಯುರೋಪಿನ ಸಭಾಂಗಣಗಳ ಪಿಯಾನೊ ಎಷ್ಟೋ ಕಡೆ 442ಕ್ಕೆ. ವ್ಯತ್ಯಾಸ ಸುಮಾರು 8 ಸೆಂಟ್ (ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಅಷ್ಟೇ, ಆದರೂ ಪಿಯಾನೊ ಹಾಡಿನ ಹಿಂದೆಯೇ ತಂಬೂರಿ ಶುರುವಾದರೆ ಬೇಸ್‌ನವರು ತಡಕಾಡುತ್ತಾರೆ. ಮುಂಚೆಯೇ ಕೇಳಿಕೊಂಡು ಫೈನ್ ಟ್ಯೂನ್ ಏರಿಸಿಡಿ. ಎರಡನೆಯದು, ಬ್ಲೂಟೂತ್ ಬೇಡ. ಫೋನ್‌ನಿಂದ ವೈರು, ವೈರಿನಿಂದ ಡಿಐ ಬಾಕ್ಸ್ (ಸಭಾಂಗಣದ ಧ್ವನಿವ್ಯವಸ್ಥೆಗೆ ಜೋಡಿಸುವ ಪೆಟ್ಟಿಗೆ). ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ. ಚಾರ್ಜಿಂಗ್ ಪಿನ್ನಿಗೆ ಹಾಕುವ ಹೆಡ್‌ಫೋನ್ ಅಡಾಪ್ಟರ್ ಎರಡು ಒಯ್ಯಿರಿ, ಒಂದು ಕಳೆದೇ ಹೋಗುತ್ತದೆ.

ಟೆನರ್ ಬದಿ

20 ನಿಮಿಷ ಅಂದರೆ 20 ನಿಮಿಷದ ಹಾಡಲ್ಲ. 28 ಜನ ಒಂದೇ ಬದಿಯಿಂದ ಹತ್ತಿ ನಿಲ್ಲಲು ಒಂದೂವರೆ ನಿಮಿಷ, ಇಳಿಯಲು ಒಂದು. ನಾಲ್ಕು ಹಾಡಿಗೆ ಚಪ್ಪಾಳೆ, ಶ್ರುತಿ ಹಿಡಿಯುವುದು ಎಲ್ಲ ಸೇರಿ ಇನ್ನೆರಡು. ಉಳಿದದ್ದು ಹದಿನೈದೂವರೆ. ಹದಿನಾಲ್ಕಕ್ಕೆ ಯೋಜನೆ ಮಾಡಿ. ಸಾಲಾಗಿ ಹತ್ತಿ ಇಳಿಯುವುದನ್ನೂ ಗಡಿಯಾರ ಹಿಡಿದು ಪ್ರಾಕ್ಟೀಸ್ ಮಾಡಿ. ತಡವಾದರೆ ಕಡಿತ ಆಗುವುದು ನಿಮ್ಮ ಹಿಂದೆ ಕಾದಿರುವವರ ಸಮಯ. ‘ಇದು ಭಾರತದ ಹಾಡು’ ಎಂಬ ಭಾಷಣ ಬೇಡ, ಎರಡು ಸಾಲಿನ ಅರ್ಥ ಕಾರ್ಯಕ್ರಮ ಪಟ್ಟಿಗೆ ಕೊಡಿ.

ಕಡತ

ಗೆಳೆಯರ ವೀಸಾ: ಎರಡೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ, ತುಂಬಾ ಜನ ಎಡವುವುದು ಇಲ್ಲೇ. ಹಬ್ಬ ಬ್ರಸೆಲ್ಸ್‌ನಲ್ಲಿದೆ ಎಂದು ಬೆಲ್ಜಿಯಂಗೆ ಅರ್ಜಿ ಹಾಕುತ್ತಾರೆ, ಆಮೇಲೆ ನೋಡಿದರೆ ಐದು ರಾತ್ರಿ ಬ್ರಸೆಲ್ಸ್, ಎಂಟು ರಾತ್ರಿ ನಿಮ್ಮ ಮನೆ. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ದಿನ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಆರು ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಪ್ರಯಾಣಕ್ಕೆ 15 ದಿನ ಇರುವಾಗ ಬಾಗಿಲು ಮುಚ್ಚುತ್ತದೆ. ತೀರ್ಮಾನಕ್ಕೆ 15 ದಿನ, ಕೆಲವೊಮ್ಮೆ 45. ಶುಲ್ಕ 90 ಯೂರೊ, ವಿಮೆ 30,000 ಯೂರೊಗೆ ಕಡಿಮೆ ಇರಬಾರದು. ನಿಮ್ಮ ಮನೆಯಲ್ಲಿ ಇಳಿಯುವುದಾದರೆ ಡಚ್ ಸರ್ಕಾರದ ವಸತಿ-ಖಾತರಿ ಫಾರ್ಮ್ ತುಂಬಿ, ನಿಮ್ಮ ಗೆಮೇಂಟೆಯಲ್ಲಿ (ನಗರಸಭೆ) ಸಹಿ ಲೀಗಲೈಸ್ ಮಾಡಿಸಿ, ಮೂಲ ಪ್ರತಿಯನ್ನೇ ಕೊರಿಯರ್ ಮಾಡಿ.

ಆಫೀಸಿನ ಎನ್‌ಒಸಿಯಲ್ಲಿ ರಜೆಯ ದಿನಾಂಕ ಇದ್ದರೆ ಸಾಕು, ಯಾವ ಹಬ್ಬ ಎಂದು ಎಚ್‌ಆರ್‌ಗೆ ಹೇಳಬೇಕಿಲ್ಲ. ಕವರ್ ಲೆಟರ್‌ನಲ್ಲಿ ಮಾತ್ರ ಇದ್ದದ್ದು ಇದ್ದಂತೆ ಬರೆಯಿರಿ, ಟಿಕೆಟ್‌ನಲ್ಲಿ ಹೇಗೂ ಹಬ್ಬದ ಹೆಸರಿರುತ್ತದೆ.

ಎರಡನೇ ಸಾಲು

ಮರೆತಿದ್ದೆ. ಕ್ಯಾಮೆರಾ. ಇಂಥ ಹಬ್ಬಗಳಲ್ಲಿ ವಿಡಿಯೊ ಆಗಿಯೇ ಆಗುತ್ತದೆ, ಯುರೋಪಿನ ವೇದಿಕೆಯಲ್ಲಿ ಕನ್ನಡ ವಚನ ಅಂದರೆ ಆ ತುಣುಕು ಸಂಜೆಯೊಳಗೆ ಹಾಸನದ ಯಾರದೋ ಫ್ಯಾಮಿಲಿ ಗ್ರೂಪಿಗೆ ಬಂದಿರುತ್ತದೆ. ತಾವು ಎಲ್‌ಜಿಬಿಟಿಕ್ಯೂ ಎಂದು ಮನೆಯವರಿಗೆ ಇನ್ನೂ ತಿಳಿಸದವರು ನಿಮ್ಮಲ್ಲಿ ಇದ್ದರೆ ಸೋಲೊ ಕೊಡಬೇಡಿ. ಕ್ಲೋಸಪ್ ಹೋಗುವುದೇ ಸೋಲೊಗೆ. ಹೆಸರು ಪಟ್ಟಿಯಿಂದ ತೆಗೆಸಿ, ಆಯೋಜಕರಿಗೆ ಮೊದಲೇ ಇಮೇಲ್ ಮಾಡಿ, ಎರಡನೇ ಸಾಲಿನಲ್ಲಿ ಎತ್ತರದವರ ಹಿಂದೆ ನಿಲ್ಲಿಸಿ. ಇದು ನಿಮಗೂ ಅನ್ವಯಿಸುತ್ತದೆ. ಕನ್ನಡದವಳು ಒಬ್ಬಳೇ ಎಂದರೆ ಸೋಲೊ ನಿಮಗೇ ಬರುವುದು.

ಕಡತ

ಹಕ್ಕಿನ ವಿಷಯ: 12ನೇ ಶತಮಾನದ ವಚನಕ್ಕೆ ಯಾರ ಅನುಮತಿಯೂ ಬೇಡ. ಆದರೆ ನಿಮಗೆ ಗೊತ್ತಿರುವ ಧಾಟಿ ಕ್ಯಾಸೆಟ್ ಕಾಲದ ಯಾವುದೋ ಸಂಯೋಜಕರದ್ದಾದರೆ ಅದು ಬೇರೆ ಮಾತು. ನಾಲ್ಕು ಪಾರ್ಟ್ ಮಾಡಲು ಅವರ ಅಥವಾ ವಾರಸುದಾರರ ಒಪ್ಪಿಗೆ ಬೇಕು. ವೇದಿಕೆಯ ಪ್ರದರ್ಶನ ಹಕ್ಕು ಬೆಲ್ಜಿಯಂನ ಸಾಬಾಂ ಸಂಸ್ಥೆಯ ವ್ಯಾಪ್ತಿ. ಅದಕ್ಕೆ ಹಾಡಿನ ಹೆಸರು, ಸಂಯೋಜಕರು, ಅರೇಂಜರ್, ಅವಧಿ ಬರೆದು ಆಯೋಜಕರಿಗೆ ಕೊಡಬೇಕಾಗುತ್ತದೆ. ಧಾಟಿಯನ್ನು ನೀವೇ ಹೊಸದಾಗಿ ಕಟ್ಟಿದರೆ ಒಪ್ಪಿಗೆ ಕೇಳುವ ತಲೆನೋವೇ ಇಲ್ಲ.

ಆಲ್ಟೊ ಸಾಲು

ಧಾಟಿ ನಮ್ಮದೇ, ಬಚಾವಾದೆವು. ಗೆಳೆಯರು ಬೆಲ್ಜಿಯಂಗೇ ಅಪಾಯಿಂಟ್‌ಮೆಂಟ್ ಹಿಡಿದಿದ್ದರು, ಬದಲಿಸಲು ಹೇಳಿದೆ. ಕೊನೆಯದೊಂದು: ವಚನವನ್ನು ಸೆಟ್‌ನ ಕೊನೆಗೆ ಇಡಲು ಕಂಡಕ್ಟರ್ ಹೇಳುತ್ತಿದ್ದಾರೆ.

ಮಂದ್ರ

ಬೇಡ. ಎರಡನೆಯದಾಗಿ ಇಡಿ. ಮೊದಲ ಹಾಡಿನಲ್ಲಿ ಸಭಾಂಗಣದ ಪ್ರತಿಧ್ವನಿ ನಿಮ್ಮ ಕಿವಿಗೆ ಕೂರುತ್ತದೆ. ಕೊನೆಯ ಹೊತ್ತಿಗೆ ಬಾಯಿ ಒಣಗಿ ‘ಳ’ ಎಲ್ಲ ಮತ್ತೆ ‘ಲ’ ಆಗುತ್ತದೆ. ಕೊನೆಗೆ ಅವರು ನಿದ್ದೆಯಲ್ಲೂ ಹಾಡಬಲ್ಲ ಡಚ್ ಹಾಡು ಇರಲಿ. ಮತ್ತೆ, ಹಿಂದಿನ ರಾತ್ರಿ ಬೆಲ್ಜಿಯನ್ ಟ್ರಿಪೆಲ್ ಬಿಯರ್ ಹತ್ತಿರ ಯಾರನ್ನೂ ಬಿಡಬೇಡಿ. ಅದು ಎಂಟೊಂಬತ್ತು ಪರ್ಸೆಂಟ್, ಬೇಸ್‌ನವರಿಗೆ ಆ ಲೆಕ್ಕ ಬೆಳಿಗ್ಗೆಯೇ ತಿಳಿಯುವುದು.