ಗೀಸರ್ ಆಫ್ ಇದ್ದರೂ ನಲ್ಲಿ ಜುಮ್ ಅನ್ನುತ್ತದೆ: ಮನೆ ಕರೆಂಟಿನ ಪ್ರಶ್ನೋತ್ತರ

ಅಂಕೋಲಾದಿಂದ: ನಮಸ್ಕಾರ ಸರ್. ಹೊಸ ಗೀಸರ್ ತಂದಿದ್ದೇವೆ. ಮಾಮೂಲು ಪ್ಲಗ್ ಪಾಯಿಂಟ್ ಸಾಕಾ?

ಎಲೆಕ್ಟ್ರಿಷಿಯನ್: ನಮಸ್ಕಾರ. ಸಾಲದು. 2,000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಣ್ಣ ಪಾಯಿಂಟ್ ಇರುವುದು 6 ಆಂಪಿಯರಿಗೆ. 16 ಆಂಪಿಯರಿನ ಪಾಯಿಂಟ್ ಹಾಕಿಸಿ. ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ.

ಕುಮಟಾದಿಂದ: ನಮ್ಮದು ಸಮುದ್ರದ ಹತ್ತಿರದ ಮನೆ. ಮಳೆ ಶುರುವಾದಾಗಿನಿಂದ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಗೀಸರ್ ಆಫ್ ಇದ್ದರೂ! ಮೊದಲು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿತ್ತು. ವೈರಿಂಗಿನವರು ಅದನ್ನು ತಪ್ಪಿಸಿ ನೇರ ಲೈನ್ ಕೊಟ್ಟು ಹೋದರು. ಅತ್ತೆ ಈಗ ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುತ್ತಾರೆ.

ಎಲೆಕ್ಟ್ರಿಷಿಯನ್: ಮೊದಲು ಮೇನ್ ಆಫ್ ಮಾಡಿ. ಆಮೇಲೆ ಓದಿ.

ಸ್ವಿಚ್ ಕಡಿಯುವುದು ಫೇಸ್, ಅಂದರೆ ಕರೆಂಟ್ ಬರುವ ವೈರ್ ಒಂದನ್ನೇ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ವೈರಿಗೆ ಸ್ವಿಚ್ ಇರುವುದಿಲ್ಲ. ಫ್ರಿಜ್, ಪಂಪ್, ಗೀಸರ್ ಎಲ್ಲದರ ಮೈಯೂ ಒಂದೇ ಅರ್ಥಿಗೆ ಸೇರಿರುತ್ತದೆ. ಆ ವೈರ್ ಅರ್ಥ್ ಪೈಪ್ ಹೂತ ಗುಂಡಿಯ ಹತ್ತಿರ ತುಂಡಾಗಿದ್ದರೆ, ಪಂಪಿನ ಕಡೆ ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇಲ್ಲ. ಅದು ಗೀಸರ್ ಮೈಗೆ, ಅಲ್ಲಿಂದ ನಲ್ಲಿಗೆ ಬರುತ್ತದೆ. ಕಡಲ ಗಾಳಿಗೆ ಅರ್ಥ್ ಪೈಪಿನ ಕ್ಲಾಂಪ್ ತುಕ್ಕು ತಿಂದು ಬಿದ್ದುಹೋಗುವುದನ್ನು ಕಾರವಾರದಿಂದ ಭಟ್ಕಳದವರೆಗೂ ನೋಡುತ್ತೇನೆ. ಇನ್ನೊಂದು ಅನುಮಾನವೂ ಇದೆ. ಯಾರಾದರೂ ಸಾಕೆಟ್ಟಿನಲ್ಲಿ ಅರ್ಥನ್ನು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರಿಗೆ) ಜೋಡಿಸಿದ್ದಾರಾ? ಹಾಗಿದ್ದರೆ ನ್ಯೂಟ್ರಲ್ ಕಡಿದ ದಿನ ಗೀಸರ್ ಮೈಯಲ್ಲೇ 230 ವೋಲ್ಟ್.

ಲೋಡ್ ಮೀರಿದರೆ ಬೀಳುವ ಎಂಸಿಬಿ ಇದೆಯಲ್ಲ ಅನ್ನಬೇಡಿ. ನಮ್ಮ ಚಿರೇಕಲ್ಲಿನ ನೆಲದಲ್ಲಿ ಅರ್ಥ್ ರೆಸಿಸ್ಟನ್ಸ್ (ನೆಲಕ್ಕೆ ಇಳಿಯುವ ಕರೆಂಟಿಗೆ ಇರುವ ತಡೆ) 20 ಓಮ್ ಇದೆ ಅಂದುಕೊಳ್ಳಿ. 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ. 30 ಮಿಲಿಆಂಪಿಯರ್ ಸೋರಿದರೆ ಬೀಳುವುದು ಆರ್‌ಸಿಸಿಬಿ. ನಿಮ್ಮದು ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡುತ್ತಿತ್ತು. ಅದನ್ನು ತಪ್ಪಿಸಿದ್ದು ದೊಡ್ಡ ಅನ್ಯಾಯ.

ಅತ್ತೆಗೆ ಹೇಳಿ: ಒದ್ದೆ ಚಪ್ಪಲಿ ನಂಬಬೇಡಿ. ಒಂದು ಕೈ ನಲ್ಲಿ ಮೇಲೆ, ಇನ್ನೊಂದು ಒದ್ದೆ ಗೋಡೆ ಮೇಲಿದ್ದರೆ ಕರೆಂಟ್ ಎದೆ ದಾಟಿಯೇ ಹೋಗುತ್ತದೆ.

ಬಾವಿ ಪಂಪಿನ ವೈರಿಗೆ ಹೊರಗೆಲ್ಲಾದರೂ ಜಾಯಿಂಟ್ ಇದೆಯಾ? ನೋಡಿ ಹೇಳಿ. ಮುಟ್ಟಬೇಡಿ.

ಭಟ್ಕಳದಿಂದ: ಮಳೆಗಾಲದಲ್ಲಿ ಆರ್‌ಸಿಸಿಬಿ ಸುಮ್ನೆ ಬೀಳುತ್ತದೆ ಸರ್. ನಾವೂ ತೆಗೆಸಿದ್ದೇವೆ, ಏನೂ ಆಗಿಲ್ಲ.

ಎಲೆಕ್ಟ್ರಿಷಿಯನ್: ಸುಮ್ನೆ ಬೀಳುವುದಿಲ್ಲ. ಎಲ್ಲೋ ನೀರು ಹೊಕ್ಕಿದೆ ಅಂತಲೇ ಅರ್ಥ. ಇವತ್ತೇ ವಾಪಸ್ ಹಾಕಿಸಿ.

ಯಲ್ಲಾಪುರದಿಂದ: ಸೋಲಾರ್ ಹಾಕಿಸಿದರೆ ಸಬ್ಸಿಡಿ ಎಷ್ಟು ಸಿಗುತ್ತದೆ?

ಕಾರವಾರದಿಂದ: ಉಪಯೋಗ ಆಗಬಹುದು ಅಂತ ಹಾಕುತ್ತಿದ್ದೇನೆ, ಫಾರ್ವರ್ಡ್ ಬಂದದ್ದು. ಶಾಕ್ ಹೊಡೆದವರನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತರೆ ಕರೆಂಟ್ ಇಳಿಯುತ್ತದಂತೆ. ಅರ್ಥ್ ಗುಂಡಿಗೆ ಉಪ್ಪುನೀರು ಸುರಿದರೆ ಶಾಕೇ ಬರುವುದಿಲ್ಲವಂತೆ.

ಎಲೆಕ್ಟ್ರಿಷಿಯನ್: ಅಳಿಸಿ. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಇಳಿಸುವುದಕ್ಕೆ ಏನೂ ಇಲ್ಲ. ಮೇನ್ ಆಫ್ ಮಾಡದೆ ಅವರನ್ನು ಮುಟ್ಟಬೇಡಿ. ಆಫ್ ಆದ ಮೇಲೆ ಉಸಿರಿಲ್ಲದಿದ್ದರೆ ಎದೆಯ ನಡುವೆ ಜೋರಾಗಿ ಒತ್ತಿ, ನಿಮಿಷಕ್ಕೆ 100ರಿಂದ 120 ಸಲ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನೀವು ಹೊಂಡ ತೋಡುವಷ್ಟರಲ್ಲಿ ಜೀವ ಹೋಗಿರುತ್ತದೆ. ಇನ್ನು ಉಪ್ಪುನೀರು, ಅದು ತುಂಡಾದ ವೈರನ್ನು ಕೂಡಿಸುತ್ತದಾ?

ಶಿರಸಿಯಿಂದ: ಅದಕ್ಕೇ ನಾವು ಹಂಡೆ ಬಿಟ್ಟಿಲ್ಲ ಮಾರಾಯ್ರೇ. ಅಡಿಕೆ ಸಿಪ್ಪೆ ಒಲೆಗೆ ಹಾಕಿದರೆ ಆಯ್ತು. ಕರೆಂಟೂ ಬೇಡ, ಶಾಕೂ ಬೇಡ.

ಕಾರವಾರದಿಂದ: ತೋಟ ಇದ್ದವರಿಗೆ ಸರಿ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಒಲೆ ಎಲ್ಲಿ ಹಾಕೋಣ?

ಶಿರಸಿಯಿಂದ: ಫ್ಲ್ಯಾಟ್ ತಗೊಳ್ಳಿ ಅಂತ ನಾವು ಹೇಳಿದ್ದಾ?

ಸಿದ್ದಾಪುರದಿಂದ: ಆ ಒಲೆ ಊದಿ ಕೆಮ್ಮುವುದು ಮನೆಯ ಹೆಂಗಸರು. ಅದೂ ಹೇಳಿ.

ಶಿರಸಿಯಿಂದ: ನಮ್ಮ ಮನೆಯಲ್ಲಿ ನಾನೇ ಊದುತ್ತೇನೆ. ಗೊತ್ತಿಲ್ಲದೆ ಮಾತಾಡಬೇಡಿ.

ಹೊನ್ನಾವರದಿಂದ: ಗೀಸರ್‌ಗೆ ಎಷ್ಟು ಆಂಪಿಯರಿನ ಪಾಯಿಂಟ್ ಸರ್?

ಎಲೆಕ್ಟ್ರಿಷಿಯನ್: 16. ಮೇಲೆ ಬರೆದಿದ್ದೇನೆ.

ದಾಂಡೇಲಿಯಿಂದ: ಮಲ್ಟಿಪ್ಲಗ್‌ನಲ್ಲಿ ಗೀಸರ್ ಹಾಕಬಹುದಾ?

ಎಲೆಕ್ಟ್ರಿಷಿಯನ್: ಬೇಡ.

ಶಿರಸಿಯಿಂದ: ಹಂಡೆ ನೀರಿನ ಸ್ನಾನದ ಸುಖ ಗೀಸರಿನವರಿಗೆ ಏನು ಗೊತ್ತು?

ಎಲೆಕ್ಟ್ರಿಷಿಯನ್: ಹಂಡೆ ಜಗಳ ಬೇರೆ ಕಡೆ ಮಾಡಿಕೊಳ್ಳಿ. ಇಲ್ಲಿ ಒಬ್ಬರ ಮನೆಯಲ್ಲಿ ಜೀವದ ಪ್ರಶ್ನೆ ಇದೆ. ಕುಮಟಾದವರು ಎಲ್ಲಿ?

ಕುಮಟಾದಿಂದ: ಮೇನ್ ಆಫ್ ಮಾಡಿದೆವು ಸರ್. ಪಂಪಿನ ಕೇಬಲ್ ತೆಂಗಿನಮರಕ್ಕೆ ಕಟ್ಟಿದೆ. ಅಲ್ಲೊಂದು ಟೇಪ್ ಸುತ್ತಿದ ಜಾಯಿಂಟ್, ಪೂರ್ತಿ ಒದ್ದೆ. ಆದರೆ ಪಂಪ್ ಆಫ್ ಇರುತ್ತದಲ್ಲ? ಸ್ವಿಚ್ ಶೆಡ್ಡಿನಲ್ಲಿದೆ.

ಎಲೆಕ್ಟ್ರಿಷಿಯನ್: ಸ್ವಿಚ್ ಶೆಡ್ಡಿನಲ್ಲಿದ್ದರೆ ಮರದ ಮೇಲಿನ ಜಾಯಿಂಟಿನಲ್ಲಿ ಹಗಲೂ ರಾತ್ರಿ ಕರೆಂಟ್ ಇರುತ್ತದೆ. ಟೇಪಿನೊಳಗೆ ನೀರು ಹೊಕ್ಕು ಫೇಸಿನಿಂದ ಅರ್ಥ್ ಎಳೆಗೆ ಸೋರುತ್ತಿದೆ. ಹೆಚ್ಚುಕಡಿಮೆ ಅದೇ. ಮರದ ಹತ್ತಿರ ಮಕ್ಕಳನ್ನು ಬಿಡಬೇಡಿ. ಲೈಸೆನ್ಸ್ ಇರುವವರನ್ನು ಕರೆಸಿ. ಜಾಯಿಂಟ್ ಇಲ್ಲದ ಹೊಸ ಕೇಬಲ್ ಎಳೆಯಲಿ, ಅರ್ಥ್ ಗುಂಡಿ ತೆಗೆದು ರೆಸಿಸ್ಟನ್ಸ್ ಅಳತೆ ನೋಡಲಿ, ಆರ್‌ಸಿಸಿಬಿ ವಾಪಸ್ ಕೂರಿಸಲಿ. ಮೂರೂ ಆಗುವ ತನಕ ಮೇನ್ ಹಾಕಬೇಡಿ.

ಕುಮಟಾದಿಂದ: ಇವತ್ತು ಯಾರೂ ಸಿಗುತ್ತಿಲ್ಲ. ಫ್ರಿಜ್ಜಿನಲ್ಲಿ ಮೀನು ತುಂಬಿದೆ. ರಾತ್ರಿ ಒಂದು ತಾಸು ಹಾಕಿದರೆ?

ಎಲೆಕ್ಟ್ರಿಷಿಯನ್: ಬೇಡ ಅಂದೆನಲ್ಲ. ಮೀನು ಪಕ್ಕದ ಮನೆಯ ಫ್ರಿಜ್ಜಿನಲ್ಲಿಡಿ. ಅತ್ತೆಯ ಸ್ನಾನದ ನೀರನ್ನೂ ಗ್ಯಾಸಿನ ಮೇಲೆ ಕಾಯಿಸಿ.